ಖೈರಲ್ಲಾ ಓದಿದ ಹಾದಿ

"ನಾಲ್ಕು ಜನ," ಎಂದ ಖೈರಲ್ಲಾ. ಒದ್ದೆ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆಗುರುತೊಂದರ ಅಂಚನ್ನು ಕಡ್ಡಿಯಿಂದ ಮುಟ್ಟಿ ನೋಡುತ್ತಿದ್ದ. "ನಾಲ್ಕೂ ಬೂಟುಗಾಲು. ಮಳೆ ನಿಂತ ಮೇಲೆ ಹೋಗಿದ್ದಾರೆ. ಒಬ್ಬನ್ನ ಹೊತ್ಕೊಂಡು ಹೋಗಿದ್ದಾರೆ."

"ಸತ್ತೋನನ್ನೋ ಬದುಕಿದ್ದೋನನ್ನೋ, ಅದನ್ನೂ ಹೇಳ್ಬಿಡು ಮಾವ," ಎಂದ, ಹಿಂದೆ ಒಂಟೆಯ ಹಗ್ಗ ಹಿಡಿದು ನಿಂತಿದ್ದ ಹುವೈದಿ.

"ಬದುಕಿದ್ದೋನು. ಸತ್ತೋನಾಗಿದ್ರೆ ಇಷ್ಟು ಅವಸರ ಯಾಕ್ ಮಾಡ್ತಿದ್ರು? ಬೆರಳ ಕಡೆ ಎಷ್ಟು ಆಳ ಇಳಿದಿದೆ ನೋಡು. ಅವರ ಹೆಜ್ಜೆ ಮೇಲೆ ಒಂದು ಆಡು ಹೋಗಿದೆ, ಎರಡು ಮರಿ. ಆಮೇಲೆ ನಾಯಿ." ಖೈರಲ್ಲಾ ಎದ್ದು ಮಂಡಿಯ ಮರಳು ಕೊಡವಿಕೊಂಡ. "ಇಷ್ಟು ಜನ ಓಡಾಡಿದ ಜಾಗ. ನಮಗೇನಾಗುತ್ತೆ? ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಬಾ."

ಬೇಲಿಯ ತಂತಿಗೆ ತಲೆಬುರುಡೆ ಬರೆದ ಹಲಗೆಯೊಂದು ನೇತಾಡುತ್ತಿತ್ತು. ಖೈರಲ್ಲಾ ಅದರತ್ತ ನೋಡಲೂ ಇಲ್ಲ. ಜರ್ಮನರು ನೆಲಬಾಂಬು ಹೂಳದ ಕಡೆಯೂ ಹಲಗೆ ನೆಟ್ಟು ಇಂಗ್ಲಿಷರನ್ನು ಹೆದರಿಸಿದ್ದರು, ಹೂತ ಕಡೆ ಹಲಗೆ ಕಿತ್ತು ಕೊಂದಿದ್ದರು. ಅದು ಬಿಡಾರದ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಬರೆದವರೇ ನಂಬದ ಬರಹವನ್ನು ಓದಲು ಬಾರದ ಖೈರಲ್ಲಾ ಯಾಕೆ ನಂಬಬೇಕು?

ಅವನು ಓದುತ್ತಿದ್ದದ್ದು ಹೆಜ್ಜೆಯನ್ನು. ಅವನಪ್ಪನೂ ಓದುತ್ತಿದ್ದ, ಅಜ್ಜನೂ ಓದುತ್ತಿದ್ದ. ಮರಳುಗಾಡಿನ ಔಲಾದ್ ಅಲಿ ಬುಡಕಟ್ಟಿನ ಜನರಲ್ಲಿ ಕುರಿ ಕಳೆದರೂ, ಹಿಟ್ಟಿನ ಚೀಲ ಕಾಣೆಯಾದರೂ, ಸೊಸೆ ಮುನಿಸಿಕೊಂಡು ತವರಿಗೆ ಓಡಿದರೂ ಮೊದಲು ಕರೆ ಹೋಗುತ್ತಿದ್ದದ್ದು ಇವನ ಗುಡಾರಕ್ಕೆ. ಬಿಡಾರದ ಒಬ್ಬೊಬ್ಬರ ಪಾದವನ್ನೂ ಅವರ ಮುಖಕ್ಕಿಂತ ಚೆನ್ನಾಗಿ ಬಲ್ಲವನು. ಯಾರು ಬಸುರಿಯೆಂಬುದು ಗಂಡನಿಗಿಂತ ಮೊದಲು ಖೈರಲ್ಲಾನಿಗೆ ಗೊತ್ತಾಗುತ್ತದೆಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ಇಂಥವನಿಗೆ ಒಂದಿಷ್ಟು ಜಂಬವಿಲ್ಲದಿದ್ದರೆ ಹೇಗೆ? ಇತ್ತು, ಧಾರಾಳವಾಗಿಯೇ ಇತ್ತು.

ಜೂನ್ ತಿಂಗಳಲ್ಲಿ ಇಂಗ್ಲಿಷರು ಲಾರಿಯಲ್ಲಿ ಬಂದು ಮೂರು ದಿನದಲ್ಲಿ ಬಿಡಾರ ಕೀಳಿ ಎಂದಿದ್ದರು. ಜರ್ಮನರು ಬರುತ್ತಿದ್ದಾರೆ, ಇಲ್ಲಿ ಯುದ್ಧವಾಗುತ್ತದೆ ಎಂದಿದ್ದರು. ಯುದ್ಧ ಮಾಡಲು ಅವರಿಗೆ ಅವರ ಊರುಗಳಲ್ಲಿ ಜಾಗವಿರಲಿಲ್ಲವೇನೋ. ಇಡೀ ಬಿಡಾರ ಹಮ್ಮಾಮ್ ರೈಲು ಸ್ಟೇಷನ್ನಿನ ಆಚೆ ಹೋಗಿ, ಬೇಸಿಗೆಯುದ್ದಕ್ಕೂ ಸರದಿಯಲ್ಲಿ ನಿಂತು ಹಿಟ್ಟು ಇಸಿದುಕೊಂಡಿತು. ಡಬ್ಬಿಯಲ್ಲಿ ಕೊಟ್ಟ ಮಾಂಸ ದನದ್ದೋ ಹಂದಿಯದೋ ತಿಳಿಯದೆ ಎಲ್ಲರೂ ಅದನ್ನು ಮರಳಲ್ಲಿ ಹೂತರು. ಅಕ್ಟೋಬರ್ ಕೊನೆಯಲ್ಲಿ ಹತ್ತು ಹನ್ನೆರಡು ದಿನ ಭೂಮಿ ನಡುಗಿತು. ಆಮೇಲೆ ಸದ್ದು ನಿಂತಿತು. ಜರ್ಮನರು ಪಶ್ಚಿಮಕ್ಕೆ ಓಡಿದರು, ಇಂಗ್ಲಿಷರು ಅವರ ಬೆನ್ನುಹತ್ತಿದರು.

ಸದ್ದು ನಿಂತ ಮೂರನೇ ದಿನ ಮಳೆ ಬಂತು. ಅಂಥ ಮಳೆ ಬಂದು ಆರು ವರ್ಷವಾಗಿತ್ತು. ಲಾರಿಗಳು ಕೆಸರಲ್ಲಿ ಹೂತು, ಕೈಗೆ ಸಿಕ್ಕಿದ್ದ ಶತ್ರು ತಪ್ಪಿಸಿಕೊಂಡನೆಂದು ಸೈನಿಕರು ಮಳೆಗೆ ಹಿಡಿಶಾಪ ಹಾಕುತ್ತಿದ್ದರೆ, ಬಿಡಾರದ ಹೆಂಗಸರು ಅದೇ ಮಳೆಯಲ್ಲಿ ನಿಂತು ಕೇಕೆ ಹಾಕಿದರು. ಮಳೆಯ ಹದ ಆರುವುದು ಹತ್ತು ಹನ್ನೆರಡು ದಿನದಲ್ಲಿ. ಅಷ್ಟರೊಳಗೆ ಜವೆಗೋಧಿ ಬಿತ್ತಿದರೆ ವರ್ಷದ ರೊಟ್ಟಿ. ಬಿತ್ತದಿದ್ದರೆ ಮತ್ತೆ ಇಂಗ್ಲಿಷರ ಸರದಿ, ಹೊಟ್ಟೆಗೆ ತಣ್ಣೀರು ಬಟ್ಟೆ. ಬೀಜವಿತ್ತು, ನೇಗಿಲೂ ಇತ್ತು. ಆದರೆ ಎರಡೂ ಇದ್ದದ್ದು ದಿಬ್ಬದ ಮೇಲಿನ ಬೂ-ಶಾಮಾ ದರ್ಗಾದಲ್ಲಿ, ತಂತಿಬೇಲಿಯ ಒಳಗೆ.

ಬಿಡಾರ ಕಿತ್ತು ದೂರ ಹೋಗುವವರು ಹೊರಲಾಗದ ಸಾಮಾನನ್ನು ಸಂತನ ಗೋರಿಯ ಪಕ್ಕ ಇಟ್ಟು ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಬೀಗವಿಲ್ಲ, ಕಾವಲಿಲ್ಲ. ಒಂದು ವರ್ಷ ಬಿಟ್ಟು ಬಂದರೂ ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ಎಂಥ ಕಳ್ಳನೂ ಅಲ್ಲಿಯದಕ್ಕೆ ಕೈ ಹಾಕುವುದಿಲ್ಲ.

ಆ ಬೆಳಿಗ್ಗೆ ಹೊರಡುವಾಗ ಹುವೈದಿಯ ತಾಯಿ ಮಸ್ತೂರಾ ಒಂಟೆಯ ಮುಂದೆ ಬಂದು ನಿಂತಿದ್ದಳು. ಒಣಗಿದ, ನೆಟ್ಟಗಿನ ಹೆಂಗಸು. ಅವಳೂ ಖೈರಲ್ಲಾನೂ ಬೇರೆ ಬೇರೆ ಕುಲದವರು. ಆದರೆ ಮೂವತ್ತು ವರ್ಷದಿಂದ ಅಕ್ಕಪಕ್ಕದ ಗುಡಾರ, ಒಂದೇ ನೀರಿನ ತೊಟ್ಟಿ. ಇವನು ಅವಳನ್ನು ಅಕ್ಕ ಎನ್ನುತ್ತಿದ್ದ, ಅವಳ ಮಗ ಇವನನ್ನು ಮಾವ ಎನ್ನುತ್ತಿದ್ದ.

"ನಿನ್ನ ಕಣ್ಣಿಗೂ ವಯಸ್ಸಾಯ್ತು ಕಣೋ. ಮೊನ್ನೆ ನನ್ನ ಆಡನ್ನೇ ನಿನ್ನದು ಅಂತ ಕಟ್ಟಿಹಾಕಿದ್ದೆ," ಎಂದಳು.

"ಅದು ಕಣ್ಣಿನ ತಪ್ಪಲ್ಲಕ್ಕಾ, ಆಸೆ," ಎಂದು ಅವನು ನಕ್ಕ.

ಅವಳು ನಗಲಿಲ್ಲ. "ಹಾದಿ ಸರಿಯಿದೆಯಾ, ಖೈರಲ್ಲಾ?"

"ಹಾದಿ ನನ್ನ ಮುಖದ ಮೇಲೆ," ಎಂದ ಅವನು.

ಈ ಮಾತಾದ ಮೇಲೆ ಮರುಪ್ರಶ್ನೆ ಇಲ್ಲ. ಆಡಿದವನು ತನ್ನ ಮುಖವನ್ನೇ ಒತ್ತೆಯಿಟ್ಟ ಹಾಗೆ. ಹೆಚ್ಚುಕಡಿಮೆಯಾದರೆ ಅದರ ಹೊಣೆ ಅವನದು. ಮಸ್ತೂರಾ ಒಂಟೆಯ ಕುತ್ತಿಗೆ ತಟ್ಟಿ ಪಕ್ಕಕ್ಕೆ ಸರಿದಳು.

ದರ್ಗಾ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಗುಮ್ಮಟದ ಅರ್ಧ ಹಾರಿಹೋಗಿ ಆಕಾಶ ಕಾಣುತ್ತಿತ್ತು. ಒಳಗೆ ಯಾರೋ ಸೈನಿಕರು ವಾಸ ಮಾಡಿ ಹೋಗಿದ್ದರು. ಬೀಜದ ಚೀಲಗಳನ್ನು ಕಿಟಕಿಗೆ ಅಡ್ಡ ಪೇರಿಸಿ, ಅದರ ಮರೆಯಲ್ಲಿ ಕೂತು ಗುಂಡು ಹಾರಿಸಿದ್ದರು. ಎರಡು ಚೀಲ ತೂತುಬಿದ್ದು ಜವೆಗೋಧಿ ಗೋರಿಯ ಹಾಸಿನ ಮೇಲೆ ಸುರಿದಿತ್ತು. ಉಳಿದವು ನೆಟ್ಟಗಿದ್ದವು. ನೇಗಿಲುಗಳು ಗೋಡೆಗೆ ಒರಗಿದಲ್ಲೇ ಒರಗಿದ್ದವು, ಒಂದಕ್ಕೆ ಯಾರೋ ಕಾಲುಚೀಲ ಒಣಹಾಕಿ ಮರೆತು ಹೋಗಿದ್ದರು.

ಇಬ್ಬರೂ ಗೋರಿಯ ಮುಂದೆ ನಿಂತು ಫಾತಿಹಾ ಓದಿದರು. ಆಮೇಲೆ ಹುವೈದಿ ಆ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, ಮುಖ ಕಿವಿಚಿ, "ಇದರ ವಾಸನೆಗೇ ಜರ್ಮನರು ಓಡಿಹೋಗಿರ್ಬೇಕು ಮಾವ. ಸುಮ್ನೆ ಇಂಗ್ಲಿಷರು ನಾವು ಗೆದ್ವಿ ಅಂತಾರೆ," ಎಂದ. ಮೂವತ್ತು ದಾಟಿದರೂ ಮದುವೆಯಾಗದೆ ಉಳಿದವನು, ಬಾಯಿ ಬಿಟ್ಟರೆ ತಮಾಷೆ. ಖೈರಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕ. ಐದು ತಿಂಗಳಿಂದ ಹಾಗೆ ನಕ್ಕಿರಲಿಲ್ಲ.

"ಎರಡು ಚೀಲ ಹೇರೋಣ. ಒಂಟೆ ಬಡಕಲಾಗಿದೆ," ಎಂದ ಖೈರಲ್ಲಾ.

"ಎರಡು ಯಾವ ಮೂಲೆಗಾಗುತ್ತೆ? ನಾಲ್ಕು ಹೇರು. ಮೇಲೊಂದು ನೇಗಿಲು. ನಾಳೆ ಬರೋಷ್ಟರಲ್ಲಿ ಇಂಗ್ಲಿಷರು ಕಾವಲು ಹಾಕಿದ್ರೆ?"

ಮಾತಿನಲ್ಲಿ ಹುರುಳಿತ್ತು. ಖೈರಲ್ಲಾ ತಾನೇ ಚೀಲಕ್ಕೆ ಕೈಹಾಕಿ ಎತ್ತಿಸಿದ. ಒಂಟೆ ಗೊಣಗುತ್ತಾ, ಮುಲುಗುತ್ತಾ ಎದ್ದಿತು. ಬಂದ ದಾರಿಯಲ್ಲೇ ಹೊರಟರು. ಖೈರಲ್ಲಾ ಮುಂದೆ, ಬರುವಾಗ ಇಟ್ಟ ತನ್ನ ಹೆಜ್ಜೆಗಳ ಮೇಲೇ ಹೆಜ್ಜೆ ಇಡುತ್ತಾ. ಇಪ್ಪತ್ತು ಮಾರು ಹಿಂದೆ ಹುವೈದಿ, ಅವನ ಹಿಂದೆ ಒಂಟೆ. ಹುವೈದಿ ಏನನ್ನೋ ಗುನುಗುತ್ತಿದ್ದ. ಬೇಲಿ ಕಣ್ಣಿಗೆ ಕಾಣುತ್ತಿತ್ತು.

ಸದ್ದು ಖೈರಲ್ಲಾನಿಗೆ ಕೇಳಿಸಲೇ ಇಲ್ಲ. ಬೆನ್ನಿಗೆ ಯಾರೋ ಗುದ್ದಿದಂತಾಗಿ ಮುಖ ಅಡಿಯಾಗಿ ಬಿದ್ದ. ತಲೆಯೆತ್ತಿ ನೋಡಿದಾಗ ಹಿಂದೆ ಹೊಗೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಮೇಲಿನಿಂದ ಜವೆಗೋಧಿ ಉದುರತೊಡಗಿತು. ತಲೆಯ ಮೇಲೆ, ಹೆಗಲ ಮೇಲೆ, ಸುತ್ತಲಿನ ಒದ್ದೆ ನೆಲದ ಮೇಲೆ ತುಂಬ ಹೊತ್ತು ಉದುರುತ್ತಲೇ ಇತ್ತು.

ಹುವೈದಿಯಲ್ಲಿ ಉಳಿದಿದ್ದನ್ನು ತನ್ನ ಉಣ್ಣೆಯ ಹೊದಿಕೆಯಲ್ಲಿ ಕಟ್ಟಿ, ಹೆಗಲ ಮೇಲೆ ಹೊತ್ತು ಅವನೊಬ್ಬನೇ ಬಿಡಾರಕ್ಕೆ ನಡೆದ. ಎರಡು ಗಂಟೆಯ ದಾರಿ. ಹೆಂಗಸರು ದೂರದಿಂದಲೇ ಕಂಡು ಮುಖ ಪರಚಿಕೊಂಡು ಅಳತೊಡಗಿದರು. ಮಸ್ತೂರಾ ಅಳಲಿಲ್ಲ. ಅವನು ಹೊರೆ ಇಳಿಸುವ ತನಕ ಕಾದಳು. ಅವನ ಮುಂಡಾಸಿನ ಮಡಿಕೆಯಿಂದ ಕಾಳುಗಳು ಉದುರುತ್ತಿದ್ದವು.

"ನಿನ್ನ ಮುಖ ಎಲ್ಲಿಟ್ಟು ಬಂದೆ?" ಎಂದಳು.

ಅವಳು ಅವನ ಜೊತೆ ಆಡಿದ ಕೊನೆಯ ಮಾತು ಅದು.

ಮಣ್ಣು ಮಾಡಿದ ನಾಲ್ಕನೆಯ ದಿನ ಹಿರಿಯರು ಸೇರಿದರು. ಹುವೈದಿಗೆ ತಂದೆಯಿರಲಿಲ್ಲ, ದೊಡ್ಡಪ್ಪ ಅತೀವಾ ಅವನ ಕಡೆಯಿಂದ ಕೂತ. ಎಪ್ಪತ್ತರ ಮುದುಕ, ಮಾತು ಕಡಿಮೆ, ಆಡಿದರೆ ತೂಕದ್ದು. ಔಲಾದ್ ಅಲಿ ಜನರ ಕಟ್ಟಳೆಯಲ್ಲಿ ರಕ್ತ ಬಿದ್ದರೆ ಅದಕ್ಕೊಬ್ಬ ಒಡೆಯ ಇರಲೇಬೇಕು. ಒಡೆಯನಿಲ್ಲದ ರಕ್ತ ಬಿಡಾರದಲ್ಲಿ ಉಳಿಯುವ ಹಾಗಿಲ್ಲ. ಕೊಂದವನು ಮುಂದೆ ಬಂದು ಹೌದು ಎನ್ನಬೇಕು, ತನ್ನವರೊಂದಿಗೆ ಒಂದು ವರ್ಷ ಬೇರೆ ಕುಲದ ಆಶ್ರಯಕ್ಕೆ ಹೋಗಬೇಕು. ಆ ವರ್ಷ ಸತ್ತವನ ಮನೆಯವರ ಕಣ್ಣಿಗೆ ಅವನ ಮುಖ ಬೀಳಬಾರದು, ಕಿವಿಗೆ ಅವನ ದನಿ ಬೀಳಬಾರದು. ಬಿದ್ದರೆ ಸತ್ತವನ ಕಡೆಯವರು ಅವನನ್ನಾಗಲಿ ಅವನ ಗಂಡುಮಕ್ಕಳನ್ನಾಗಲಿ ಕೊಂದರೂ ಯಾರೂ ಕೇಳುವಂತಿಲ್ಲ. ವರ್ಷ ಕಳೆದು ರಾಜಿಯಾದರೆ ಒಂದೇ ತಟ್ಟೆಯಲ್ಲಿ ಉಣ್ಣಬಹುದು.

"ಖೈರಲ್ಲಾ ಹಾದಿ ತೋರಿಸಿದ. ಕಬ್ಬಿಣ ಹೂತದ್ದು ಅವನಲ್ಲ," ಎಂದ ಅತೀವಾ. "ಹೂತೋನನ್ನ ಮೊದ್ಲು ಕೇಳಬೇಕು. ಅವನು ನನ್ನದು ಅಂದ್ರೆ ರಕ್ತ ಅವನದ್ದು."

"ಅವರು ನಮ್ಮ ಕಟ್ಟಳೆಯೋರಲ್ಲವಲ್ಲ ಅತೀವಾ," ಎಂದರು ಯಾರೋ.

"ನಮ್ಮ ನೆಲದಲ್ಲಿ ಹೂಳೋವಾಗ ನಮ್ಮೋರಾಗಿದ್ರಾ?"

ಹಾಗೆ ಅತೀವಾ, ಇನ್ನಿಬ್ಬರು ಹಿರಿಯರು, ಸಾಕ್ಷಿಗೆಂದು ಖೈರಲ್ಲಾ, ನಾಲ್ವರೂ ಒಗೆದ ಬಟ್ಟೆ ಹಾಕಿಕೊಂಡು ಸ್ಟೇಷನ್ನಿನ ಪಕ್ಕದ ಇಂಗ್ಲಿಷ್ ಠಾಣ್ಯಕ್ಕೆ ಹೋದರು. ಅಧಿಕಾರಿ ಚಿಕ್ಕ ವಯಸ್ಸಿನವನು, ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಒಳ್ಳೆಯವನೇ. ಎದ್ದು ನಿಂತು ಕೈಕುಲುಕಿದ, ಪೆಟ್ಟಿಗೆಗಳ ಮೇಲೆ ಕೂರಿಸಿದ, ಚಹಾ ತರಿಸಿದ. ಮಾತು ದಾಟಿಸಲು ಅಲೆಕ್ಸಾಂಡ್ರಿಯಾದ ಶಕೀಬ್ ಎಫೆಂದಿ ಇದ್ದ. ಹಳ್ಳಿಗರೆಂದರೆ ಮೂಗು ಮುರಿಯುವವನು. ಅವತ್ತು ಮಾತ್ರ ಅವನ ಟೋಪಿಯ ಕೆಳಗೆ ಬೆವರು ಇಳಿಯುತ್ತಿತ್ತು.

"ಸಾಹೇಬ್ರಿಗೆ ತುಂಬ ದುಃಖ ಆಗಿದೆಯಂತೆ. ಆದ್ರೆ ಹೋಗಬೇಡಿ ಅಂತ ಹಲಗೆ ಹಾಕಿತ್ತಲ್ಲ ಅಂತಾರೆ," ಎಂದ ಶಕೀಬ್ ಎಫೆಂದಿ.

"ಹಲಗೆ ವಿಷಯ ನಾನು ಕೇಳಲಿಲ್ಲ," ಎಂದ ಅತೀವಾ. "ಅದನ್ನ ಹೂತೋರು ಯಾರು ಅಂತ ಕೇಳು."

"ಜರ್ಮನರಂತೆ."

"ಕರೆಸೋಕೆ ಹೇಳು."

ಶಕೀಬ್ ಎಫೆಂದಿ ಇದನ್ನು ದಾಟಿಸಲಿಲ್ಲ. "ದೊಡ್ಡವರೇ, ಅವರು ಓಡಿಹೋಗಿ ಇಷ್ಟೊತ್ತಿಗೆ ಲಿಬಿಯಾ ಸೇರಿದ್ದಾರೆ. ಎಲ್ಲಿಂದ ಕರೆಸೋದು?"

"ಅಲ್ಲಿರೋದೆಲ್ಲ ಅವರದ್ದೇನಾ? ಇವರದ್ದು ಒಂದೂ ಇಲ್ವಾ? ಕೇಳು."

ಅಧಿಕಾರಿ ನೆಲ ನೋಡಿಕೊಂಡು ಉದ್ದವಾಗಿ ಏನೋ ಹೇಳಿದ. ಸುಳ್ಳು ಹೇಳಲು ಕಲಿತಿರಲಿಲ್ಲ ಪಾಪ, ಅಥವಾ ಹೇಳುವ ಅಗತ್ಯ ಕಂಡಿರಲಿಕ್ಕಿಲ್ಲ.

"ಇವರದ್ದೂ ಇರಬಹುದಂತೆ. ಅವರು ಹೂತಿದ್ದನ್ನ ಇವರು ಅಗೆದು ಬೇರೆ ಕಡೆ ಹೂತಿದ್ದಾರೆ, ಇವರು ಹೂತಿದ್ದನ್ನ ಅವರು. ಯಾವುದು ಯಾರದ್ದು ಅಂತ ಈಗ ದೇವರಿಗೇ ಗೊತ್ತು ಅಂತಾರೆ."

"ದೇವರು ಗುದ್ದಲಿ ಹಿಡಿದು ಬಂದಿರ್ಲಿಲ್ಲ," ಎಂದ ಅತೀವಾ. "ಎಲ್ಲೆಲ್ಲಿ ಹೂತಿದ್ದಾರೆ ಅಂತ ಬರ್ಕೊಂಡಿರ್ತಾರಲ್ಲ, ಆ ಕಾಗದ?"

"ಅದು ಸೈನ್ಯದ ಜೊತೆ ಮುಂದಕ್ಕೆ ಹೋಯ್ತಂತೆ."

ಖೈರಲ್ಲಾ ಆಗ ಬಾಯಿಬಿಟ್ಟ. ನಾಲ್ಕು ದಿನದಿಂದ ಅವನನ್ನು ಒಳಗೇ ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ. "ಎಫೆಂದಿ, ನಾಲ್ಕು ಜನ ಬೂಟುಗಾಲಲ್ಲಿ ಹೋಗಿದ್ರು. ಆಡು ಹೋಗಿತ್ತು, ನಾಯಿ ಹೋಗಿತ್ತು. ನಾವೂ ಅದೇ ಹಾದೀಲಿ ಹೋದ್ವಿ, ಅದೇ ಒಂಟೆ. ಆಗ ಸಿಡಿಯಲಿಲ್ಲ. ಬರೋವಾಗ ಯಾಕೆ ಸಿಡೀತು?"

ಅಧಿಕಾರಿಯ ಮುಖ ಮೊದಲ ಬಾರಿ ಸಲೀಸಾಯಿತು. ಗೊತ್ತಿದ್ದ ವಿಷಯ ಬಂತಲ್ಲ. ಮೇಜಿನ ಮೇಲಿನ ಚಹಾದ ತಟ್ಟೆಯನ್ನು ಬೋರಲು ಹಾಕಿ, ಅಂಗೈಯಿಂದ ಒತ್ತಿ ತೋರಿಸಿದ.

"ಇವು ಟ್ಯಾಂಕಿಗೆ ಅಂತ ಹೂತ ನೆಲಬಾಂಬುಗಳು. ಮನುಷ್ಯರನ್ನ, ಆಡುಗಳನ್ನ ಲೆಕ್ಕಕ್ಕೇ ತಗೊಳಲ್ಲ. ಮೇಲಿಂದ ಭಾರ ಬೀಳಬೇಕು. ನಿಮ್ಮ ಒಂಟೆ ಹೋಗೋವಾಗ ಖಾಲಿ ಇತ್ತು, ಬರೋವಾಗ ಹೊರೆ ಇತ್ತು. ಅಷ್ಟೇ ವ್ಯತ್ಯಾಸ," ಎಂದು ದಾಟಿಸಿದ ಶಕೀಬ್ ಎಫೆಂದಿ.

"ಎಷ್ಟು ಭಾರ?"

"ಅದು ಒಂದೊಂದಕ್ಕೆ ಒಂದೊಂದು ಥರ. ತುಕ್ಕು ಹಿಡಿದ್ರೆ ಕಮ್ಮಿ ಭಾರಕ್ಕೂ ಸಿಡಿಯುತ್ತಂತೆ."

ಖೈರಲ್ಲಾ ತನ್ನ ಕೈಗಳನ್ನು ನೋಡಿಕೊಂಡ. ಹೆಜ್ಜೆಯ ಆಳ ನೋಡಿ ಹೆಂಗಸಿನ ಬಸುರು ಹೇಳುತ್ತಿದ್ದವನು. ಹೋದವರ ಭಾರವನ್ನೆಲ್ಲ ಓದಿ, ತಾನು ತರಲಿರುವ ಭಾರವನ್ನು ಮರೆತಿದ್ದ. ಎರಡು ಚೀಲ ಸಾಕೆಂದು ತಾನೇ ಹೇಳಿ, ನಾಲ್ಕಕ್ಕೆ ತಾನೇ ಕೈಜೋಡಿಸಿದ್ದ.

ಬೀಳ್ಕೊಡುವಾಗ ಅಧಿಕಾರಿ ಅತೀವಾನ ಕೈ ಹಿಡಿದು ಇನ್ನೇನೋ ಹೇಳಿದ. ಅವನ ಕಣ್ಣಲ್ಲಿ ನಿಜವಾದ ಅಭಿಮಾನವಿತ್ತು.

"ಸಾಹೇಬ್ರು ಏನಂತಾರೆ ಅಂದ್ರೆ, ಇಡೀ ಜಗತ್ತಿನ ಯುದ್ಧ ಈ ನಿಮ್ಮ ಜಾಗದಲ್ಲಿ ತಿರುಗಿತಂತೆ. ಇಲ್ಲೀವರೆಗೂ ಸೋಲ್ತಾ ಇದ್ದೋರು ಇನ್ನು ಗೆಲ್ತಾರಂತೆ. ಅಲಮೈನ್ ಅಂದ್ರೆ ಈಗ ಎಲ್ಲರಿಗೂ ಗೊತ್ತು. ಮೊನ್ನೆ ಭಾನುವಾರ ಇಂಗ್ಲೆಂಡಿನ ಚರ್ಚುಗಳಲ್ಲೆಲ್ಲ ಗಂಟೆ ಬಾರಿಸಿದ್ರಂತೆ."

"ನಮ್ಮ ಹುವೈದಿಗಾ?" ಎಂದು ಕೇಳಿದ ಅತೀವಾ.

ಶಕೀಬ್ ಎಫೆಂದಿ ಅದನ್ನೂ ದಾಟಿಸಲಿಲ್ಲ. ನಾಲ್ಕು ಲೋಟ ಚಹಾ ಪೆಟ್ಟಿಗೆಯ ಮೇಲೆ ಕೆನೆಗಟ್ಟಿ ಆರಿಹೋಗಿತ್ತು. ರಕ್ತದ ಮಾತು ಮುಗಿಯದೆ ಎದುರು ಪಕ್ಷದವನ ಚಹಾ ಕುಡಿದರೆ ರಾಜಿಯಾದಂತೆ. ಅಧಿಕಾರಿ ಆ ಲೋಟಗಳನ್ನು ನೋಡಿ, ಈ ಜನಕ್ಕೆ ಹಾಲು ಹಾಕಿದ ಚಹಾ ಹಿಡಿಸುವುದಿಲ್ಲವೆಂದು ತಿಳಿದುಕೊಂಡನಂತೆ. ಮರುದಿನ ಬಿಡಾರಕ್ಕೆ ಒಂದು ಪೊಟ್ಟಣ ಸಕ್ಕರೆ ಕಳಿಸಿದ.

ಹಿರಿಯರು ಮತ್ತೆ ಸೇರಿದರು. ಗೆದ್ದವರೂ ಹೋಗಿದ್ದರು, ಸೋತವರೂ ಹೋಗಿದ್ದರು. ರಕ್ತವೊಂದು ಉಳಿದಿತ್ತು. ಅತೀವಾ ತಲೆ ತಗ್ಗಿಸಿ ಬೆರಳಲ್ಲಿ ಮರಳು ಕೆದಕುತ್ತಿದ್ದ. ಅವನಿಗೆ ಖೈರಲ್ಲಾನ ಹೆಸರೆತ್ತಲು ಮನಸ್ಸಿರಲಿಲ್ಲ, ಎತ್ತದೆ ಏಳುವಂತೆಯೂ ಇರಲಿಲ್ಲ.

ಖೈರಲ್ಲಾನೇ ಎದ್ದು ನಿಂತ. "ನನ್ನ ಮುಖದ ಮೇಲೆ ಅಂದಿದ್ದೆ. ರಕ್ತ ನನ್ನದು," ಎಂದ.

"ಯೋಚನೆ ಮಾಡಿ ಹೇಳಪ್ಪ. ನಿನಗೆ ಇಬ್ಬರು ಗಂಡುಮಕ್ಕಳಿದ್ದಾರೆ," ಎಂದ ಅತೀವಾ.

"ಬೇರೆ ಯಾರಿದ್ದಾರೆ ದೊಡ್ಡಪ್ಪ, ನನ್ನದು ಅನ್ನೋಕೆ?"

ಮೂರು ದಿನದಲ್ಲಿ ಅವನು ಗುಡಾರ ಕಿತ್ತ. ಹೆಂಡತಿ ನುವ್ವಾರಾ ಕಂಬಳಿ ಸುತ್ತುವಾಗ ಒಮ್ಮೆ ಮಾತ್ರ ಸಿಡುಕಿದಳು. "ಕೊಂದೋರಿಗೆ ಗಂಟೆ, ನಮಗೆ ಗಡೀಪಾರು." ಪಶ್ಚಿಮಕ್ಕೆ ಅರ್ಧ ದಿನದ ದಾರಿಯಲ್ಲಿದ್ದ ಬೇರೆ ಕುಲದ ಬಿಡಾರವೊಂದು ಅವರನ್ನು ಇಟ್ಟುಕೊಂಡಿತು. ಅಲ್ಲಿ ಅವನು ಇನ್ನೊಬ್ಬರ ಆಡು ಕಾದ. ಯಾರಾದರೂ ಹೆಜ್ಜೆ ನೋಡಿ ಹೇಳು ಎಂದರೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದ.

ದರ್ಗಾದ ಕಡೆ ಮತ್ತೆ ಯಾರೂ ಹೋಗಲಿಲ್ಲ. ಉಳಿದ ಬೀಜ ಅಲ್ಲೇ ಉಳಿಯಿತು. ಅಂಥ ಒಳ್ಳೆಯ ಹದ ಕಣ್ಣೆದುರೇ ಆರಿ ಬಿರುಕುಬಿಟ್ಟಿತು. ಬಿಡಾರ ಚಳಿಗಾಲವಿಡೀ ಸರದಿಯಲ್ಲಿ ನಿಂತಿತು. ಫೆಬ್ರವರಿಯಲ್ಲಿ ಯುದ್ಧ ಟ್ಯುನೀಶಿಯಾ ತಲುಪಿದ ಮೇಲೆ ಇಂಗ್ಲಿಷರ ಠಾಣ್ಯವೇ ಎದ್ದುಹೋಗಿ, ಸರದಿಯೂ ಇಲ್ಲದಾಯಿತು. ಜನ ಅಂಜೂರದ ಗಿಡದ ಚಿಗುರು ತಿನ್ನುತ್ತಿದ್ದಾರೆಂದು ಆ ಕಡೆಯಿಂದ ಬಂದವರು ಹೇಳಿದರು. ಮಸ್ತೂರಾ ಯಾರ ಮನೆಯಲ್ಲೂ ಉಣ್ಣುವುದಿಲ್ಲವಂತೆ ಎಂದೂ ಹೇಳಿದರು.

ಏಪ್ರಿಲ್ ಕೊನೆಯ ವಾರ ಆಶ್ರಯದಾತನ ಎರಡು ಆಡು ತಪ್ಪಿಸಿಕೊಂಡವು. ಆಡು ಕಾಯುವವನೇ ಹುಡುಕದೆ ಇನ್ನಾರು ಹುಡುಕಬೇಕು? ಖೈರಲ್ಲಾ ಗೊರಸಿನ ಗುರುತು ಹಿಡಿದು ಬೆಳಿಗ್ಗೆ ಹೊರಟ. ಗುರುತು ಪೂರ್ವಕ್ಕೆ ಹೋಯಿತು, ಇನ್ನೂ ಪೂರ್ವಕ್ಕೆ ಹೋಯಿತು. ಹಸಿರಿನ ವಾಸನೆ ಹಿಡಿದ ಆಡು ಹಾಗೆಯೇ ನಡೆಯುವುದು. ಮಧ್ಯಾಹ್ನದ ಹೊತ್ತಿಗೆ ಅವನು ಬರಬಾರದ ಜಾಗಕ್ಕೆ ಬಂದಿದ್ದ. ಎದುರಿಗೆ ತಂತಿಬೇಲಿ, ಅದರಾಚೆ ದಿಬ್ಬ, ಅರ್ಧ ಗುಮ್ಮಟ.

ಬೇಲಿಗೂ ದಿಬ್ಬಕ್ಕೂ ನಡುವೆ ಜವೆಗೋಧಿ ಬೆಳೆದು ನಿಂತಿತ್ತು. ಸಾಲಿಲ್ಲ, ಪಾತಿಯಿಲ್ಲ. ಅವತ್ತು ಸಿಡಿದ ಗುಂಡಿಯ ಸುತ್ತ ದುಂಡಗೆ, ನಡುವೆ ದಟ್ಟವಾಗಿ, ಹೊರಗೆ ಹೋದಂತೆ ತೆಳುವಾಗಿ, ಹಣ್ಣಾಗಿ ಹೊಳೆಯುತ್ತಿತ್ತು. ಮೊಣಕಾಲಿನ ಮೇಲಕ್ಕೆ ಬಂದಿತ್ತು, ತೆನೆ ಬಗ್ಗಿತ್ತು. ಆ ವರ್ಷ ಹಮ್ಮಾಮಿನಿಂದ ದಬಾ ತನಕ ಯಾವ ಹೊಲದಲ್ಲೂ ಅಂಥ ಬೆಳೆ ಇರಲಿಲ್ಲ, ಏಕೆಂದರೆ ಯಾವ ಹೊಲದಲ್ಲೂ ಬೆಳೆಯೇ ಇರಲಿಲ್ಲ. ಎರಡು ಆಡುಗಳೂ ಅದರಲ್ಲಿ ಹೊಟ್ಟೆ ತುಂಬ ಮೇಯುತ್ತಿದ್ದವು.

ಆಮೇಲೆ ಅವನ ಕಣ್ಣು ನೆಲಕ್ಕೆ ಹೋಯಿತು. ಬೇಡವೆಂದರೂ ಹೋಯಿತು. ತಂತಿಯ ಕೆಳಗೆ ಬರಿಗಾಲಿನ ಗುರುತುಗಳು. ಎಡ ಹಿಮ್ಮಡಿಯಲ್ಲಿ ಅಡ್ಡ ಬಿರುಕು, ಹೆಬ್ಬೆರಳು ಉಳಿದವುಗಳಿಂದ ದೂರ. ಮೂವತ್ತು ವರ್ಷ ನೀರಿನ ತೊಟ್ಟಿಯ ಬಳಿ ನೋಡಿದ ಪಾದ. ಮಸ್ತೂರಾಳದು.

ಕೂತು ಓದಿದ. ಐದು ದಿನದಿಂದ ಬರುತ್ತಿದ್ದಾಳೆ. ಮೊದಲ ದಿನ ಹೋದ ಗುರುತು ಹಗುರ, ಬಂದ ಗುರುತೂ ಹಗುರ. ಒಂದು ಮಡಿಲು ತೆನೆ ಒಯ್ದಿರಬೇಕು. ಎರಡನೆಯ ದಿನ ಬಂದ ಗುರುತು ಒಂದಿಷ್ಟು ಆಳ. ಮೂರನೆಯ ದಿನ ಇನ್ನಷ್ಟು. ನಿನ್ನೆಯದಕ್ಕೆ ಬೆರಳಿಟ್ಟರೆ ಮೊದಲ ಗೆಣ್ಣಿನ ತನಕ ಹೋಯಿತು. ಇವತ್ತಿನದು ಹೋದದ್ದು ಮಾತ್ರ ಇತ್ತು, ಬಂದದ್ದು ಇರಲಿಲ್ಲ.

ತಲೆಯೆತ್ತಿದ. ಬೆಳೆಯ ನಡುವೆ ಕಪ್ಪು ಬಟ್ಟೆ ಕಂಡಿತು. ಅವಳು ಕೂತು ಜವೆಗೋಧಿಯನ್ನು ಬುಡಸಮೇತ ಕೀಳುತ್ತಿದ್ದಳು. ಇಲ್ಲಿಯ ಜನ ಜವೆಗೋಧಿ ಕೊಯ್ಯುವುದು ಹಾಗೆಯೇ, ಕುಡುಗೋಲಿಲ್ಲ. ಹಿಡಿ ಹಿಡಿದು ಜಗ್ಗುವುದು, ಬೇರಿನ ಮಣ್ಣನ್ನು ಪಾದಕ್ಕೆ ಬಡಿದು ಉದುರಿಸುವುದು, ಪಕ್ಕಕ್ಕೆ ಹಾಕುವುದು. ಅವಳ ಪ್ರತಿ ಜಗ್ಗಿಗೂ ಖೈರಲ್ಲಾ ಕಣ್ಣು ಮುಚ್ಚುತ್ತಿದ್ದ. ಅವಳು ಮೊದಲಿನ ಅರ್ಧ ಆಗಿದ್ದಳು. ಹಸಿವು ಅವಳನ್ನು ಎಷ್ಟು ಹಗುರ ಮಾಡಿತ್ತೆಂದರೆ ಕೆಳಗಿದ್ದ ಕಬ್ಬಿಣಕ್ಕೆ ಅವಳು ಬಂದದ್ದೇ ಗೊತ್ತಾಗಿರಲಿಲ್ಲ. ಆದರೆ ಪಕ್ಕದಲ್ಲಿ ಬೆಳೆದಿದ್ದ ಹೊರೆ ಅವಳಷ್ಟೇ ದೊಡ್ಡದಿತ್ತು. ಒಂದು ಚಳಿಗಾಲದ ಮಳೆ ಕುಡಿದ ಕಬ್ಬಿಣ ಅದು.

ಅವಳು ಹಗ್ಗ ಹಾಸಿ ಹೊರೆ ಕಟ್ಟಿದಳು.

ಕೂಗಬಾರದು. ಕೂಗಿದರೆ ಐದು ತಿಂಗಳು ಅವಡುಗಚ್ಚಿ ಕಳೆದದ್ದು ನೀರಿಗೆ ಬಿದ್ದಂತೆ. ಅವನ ಇಬ್ಬರು ಮಕ್ಕಳ ತಲೆಯ ಮೇಲೆ ಅತೀವಾನ ಕುಲದ ಹಕ್ಕು ಮತ್ತೆ ಬರುತ್ತದೆ. ಕೂಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆಡನ್ನು ಶಿಳ್ಳೆ ಹಾಕಿ ಕರೆದುಕೊಂಡು, ಬಂದ ದಾರಿ ಹಿಡಿಯಬಹುದು. ಖೈರಲ್ಲಾ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಅವಳು ಹೊರೆಯನ್ನು ಬೆನ್ನಿಗೇರಿಸಲು ಮಂಡಿಯೂರಿದಳು. ಕೈ ತಾನಾಗಿ ಕೆಳಗಿಳಿಯಿತು.

"ಅಕ್ಕಾ! ಅರ್ಧ ಅಲ್ಲೇ ಬಿಡು! ಭಾರ ಬೇಡ ಅಕ್ಕಾ, ಅದು ಭಾರಕ್ಕೇ ಸಿಡಿಯೋದು! ಎರಡು ಸಲ ಬಾ, ಹತ್ತು ಸಲ ಬಾ, ಅಷ್ಟನ್ನೂ ಒಟ್ಟಿಗೆ ಹೊರಬೇಡ!"

ದನಿ ದಿಬ್ಬಕ್ಕೆ ಬಡಿದು ಹಿಂದಿರುಗಿತು. ಆಡುಗಳು ತಲೆಯೆತ್ತಿದವು. ಮಸ್ತೂರಾ ಮಂಡಿಯೂರಿದವಳು ಹಾಗೇ ಉಳಿದಳು. ಇತ್ತ ತಿರುಗಲಿಲ್ಲ. ಯಾರ ದನಿಯೆಂದು ತಿರುಗಿ ನೋಡುವ ಅಗತ್ಯ ಅವಳಿಗಿರಲಿಲ್ಲ. ತುಸು ಹೊತ್ತಾದ ಮೇಲೆ ಹೊರೆಯನ್ನು ಕೆಳಗಿಳಿಸಿ ಹಗ್ಗದ ಗಂಟು ಬಿಚ್ಚಿದಳು. ಹೋದ ಜೀವ ಬಂದಂತಾಗಿ ಖೈರಲ್ಲಾ ಬೇಲಿಯ ಕಂಬ ಹಿಡಿದುಕೊಂಡ.

ಅವಳು ಪಕ್ಕಕ್ಕೆ ಬಗ್ಗಿದಳು. ಎರಡೂ ಕೈ ತುಂಬ ಹಿಡಿದು ಜಗ್ಗಿದಳು, ಮಣ್ಣು ಬಡಿದಳು, ಹೊರೆಯ ಮೇಲೆ ಹಾಕಿದಳು. ಮತ್ತೊಂದು ಹಿಡಿ. ಇನ್ನೊಂದು. ಈ ದನಿ ಹೇಳಿದ ಹಾದಿಯನ್ನು ಅವಳು ಒಮ್ಮೆ ನಂಬಿದ್ದಳು. ಅವಸರವಿಲ್ಲದೆ ಹಗ್ಗ ಎಳೆದು ಬಿಗಿದಳು. ಹೊರೆಗೆ ಬೆನ್ನು ಕೊಟ್ಟು, ಒಮ್ಮೆ ಓಲಾಡಿ, ಎದ್ದು ನಿಂತಳು.

ಈಗ ಅವಳ ಮುಖ ಬೇಲಿಯ ಕಡೆಗಿತ್ತು. ಅವನು ಅದನ್ನು ನೋಡಲಿಲ್ಲ. ಅವಳ ಪಾದಗಳನ್ನು ನೋಡುತ್ತಿದ್ದ. ಎಡಗಾಲು ಮುಂದೆ ಬಂತು. ಬೆರಳು ಊರಿತು, ಆಮೇಲೆ ಹಿಮ್ಮಡಿ, ಮರಳು ಅದರ ಸುತ್ತ ಮೆಲ್ಲಗೆ ಮೇಲೆದ್ದಿತು.